ತೂಗದ ಬುಟ್ಟಿ

ಆ ಮಂಗಳವಾರ ಬೆಳಗ್ಗೆ ಭಟ್ಟಿಯ ಮುಂದೆ ನಾವು ಐದು ಮಂದಿ ನಿಂತಿದ್ದೆವು. ನಾನು, ನನಗೆ ಕೆಲಸ ಕೊಟ್ಟಿದ್ದ ಪ್ರೊಫೆಸರ್ ಸರ್, ಆ ಫೌಂಡ್ರಿಯ ಮಾಲಕರಾದ ಶೇಠ, ಭಟ್ಟಿಯ ಮೇಸ್ತ್ರಿಯಾಗಿದ್ದ ನನ್ನ ಸೋದರಮಾವ, ಮತ್ತೆ ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ಬುಟ್ಟಿ ಹೊರಲು ತಯಾರಾಗಿದ್ದ ಒಬ್ಬ ಹೆಣ್ಣುಮಗಳು. ಆಕೆಗೆ ಅಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು, ಆಕೆಗಿಂತ ದೊಡ್ಡವರೂ. ಸೋದರಮಾವನಿಗೆ ನಾವು ಮಕ್ಕಳೆಲ್ಲ ಪುಣೆಯ ರೂಢಿಯಂತೆ ಮಾಮಾ ಎನ್ನುತ್ತಿದ್ದೆವು.

ತೊಂಬತ್ತರ ದಶಕದ ನಡುವಿನ ಮಾತು. ಚಿಂಚವಾಡದಲ್ಲಿ ಲೋಕಲ್ ರೈಲು ಇಳಿದು ಕಾಲು ಗಂಟೆ ನಡೆದರೆ ಆ ತಗಡಿನ ಶೆಡ್ಡು. ಒಳಗೆ ಮೂರು ಆಳೆತ್ತರದ ಉಕ್ಕಿನ ಕೊಳವೆ ನಿಂತಿತ್ತು, ಅದೇ ಭಟ್ಟಿ. ಹೊರಗೆ ಉಕ್ಕು, ಒಳಗೆ ಬೆಂಕಿ ತಡೆಯುವ ಇಟ್ಟಿಗೆಯ ಗೋಡೆ. ಮೇಲಿನ ಬಾಗಿಲಿನಿಂದ ಒಂದು ಪದರ ಕೋಕ್, ಅಂದರೆ ಒಮ್ಮೆ ಬೇಯಿಸಿ ಹೊಗೆ ತೆಗೆದ ಕಲ್ಲಿದ್ದಲು, ಅದರ ಮೇಲೆ ಒಂದು ಪದರ ಬೀಡು ಕಬ್ಬಿಣ, ಹೀಗೆ ತುಂಬುತ್ತ ಹೋಗುತ್ತಾರೆ. ಕೆಳಗಿನಿಂದ ಬ್ಲೋವರ್ ಗಾಳಿ ಊದುತ್ತದೆ. ಮಧ್ಯಾಹ್ನದ ಹೊತ್ತಿಗೆ ಬುಡದ ತೂತಿನಿಂದ ಕಬ್ಬಿಣ ನೀರಾಗಿ ಇಳಿಯುತ್ತದೆ.

ಸರ್ ತಂದಿದ್ದ ದೊಡ್ಡ ತಕ್ಕಡಿಯನ್ನು ಭಟ್ಟಿಯ ಮೆಟ್ಟಿಲ ಬುಡದಲ್ಲಿ ಇಡಿಸಿದ್ದರು. ಇನ್ನು ಆರು ವಾರ ಭಟ್ಟಿಯ ಹೊಟ್ಟೆಗೆ ಹೋಗುವ ಪ್ರತಿಯೊಂದು ಬುಟ್ಟಿಯೂ ಇದರ ಮೇಲಿಂದಲೇ ಹೋಗಬೇಕು, ಈ ಹುಡುಗಿ ಬರೆದುಕೊಳ್ಳುತ್ತಾಳೆ ಎಂದು ಮರಾಠಿಯಲ್ಲಿ ಹೇಳಿದರು. ಶೇಠ ತಲೆಯಾಡಿಸಿದರು. ಮಾಮಾನೂ ತಲೆಯಾಡಿಸಿದ. ಆಮೇಲೆ ಅಕ್ಕ ಕೋಕಿನ ಮೊದಲನೆಯ ಬುಟ್ಟಿ ಎತ್ತಿದಳು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿತ್ತು. ಆಕೆ ತಕ್ಕಡಿಯ ಹತ್ತಿರ ಬಂದು, ಅದನ್ನು ಮುಟ್ಟದೆ ಸುತ್ತಿ ದಾಟಿ, ಮೆಟ್ಟಿಲು ಹತ್ತಿ ಹೋಗಿಬಿಟ್ಟಳು.

ಅದೇನು ಎಂದು ಸರ್ ನನ್ನ ಮುಖ ನೋಡಿದರು. ನಾನು ಮಾಮಾನ ಮುಖ ನೋಡಿದೆ.

"ಅದು ದ್ಯಾಮವ್ವನ ಬುಟ್ಟಿ," ಅಂದ ಮಾಮಾ, ನನಗಷ್ಟೇ ಕೇಳುವ ಹಾಗೆ. "ದೇವ್ರಿಗೆ ಕೊಡೂದನ್ನ ಯಾರರ ತಕ್ಕಡ್ಯಾಗ ಇಡ್ತಾರೇನವಾ?"

ಪೂಜೆಯದು ಸರ್, ಎಂದೆ. ಅವರು ನಕ್ಕು ಭಟ್ಟಿಗೆ ಕೈ ಮುಗಿದರು. ಪೆನ್ನು ನನ್ನ ಕೈಯಲ್ಲೇ ಇತ್ತು. ನಾನು ಬರೆಯಲಿಲ್ಲ.

ಈ ಕೆಲಸ ಏನೆಂದು ಮೊದಲು ಹೇಳಬೇಕು, ಇಲ್ಲದಿದ್ದರೆ ಒಂದು ಬುಟ್ಟಿಗೆ ಇಷ್ಟು ಮಾತೇಕೆ ಅನಿಸೀತು. ನಾನು ಬಿ.ಎ. ಮುಗಿಸಿ ಬಿಬವೇವಾಡಿಯ ಮನೆಯಲ್ಲಿ ಕೂತಿದ್ದಾಗ ಒಂದು ಸಂಸ್ಥೆಯಲ್ಲಿ ಲೆಕ್ಕ ಬಲ್ಲ ಹುಡುಗಿಯರು ಬೇಕೆಂದು ತಿಳಿದು ಹೋದೆ. ಅಲ್ಲಿ ಸರ್ ಒಂದು ದೊಡ್ಡ ಕೋಷ್ಟಕ ಕಟ್ಟುತ್ತಿದ್ದರು. ಗೋಡೆಯ ಉದ್ದಕ್ಕೂ ಹಚ್ಚಿದ ಹಾಳೆ. ಎಡಗಡೆ ಮೇಲಿಂದ ಕೆಳಗೆ ದೇಶದ ಕಸುಬುಗಳ ಹೆಸರು: ಕಲ್ಲಿದ್ದಲು, ವಿದ್ಯುತ್ತು, ಕಬ್ಬಿಣ, ಯಂತ್ರ, ಗೊಬ್ಬರ, ಬೇಸಾಯ, ಸಕ್ಕರೆ, ಬಟ್ಟೆ, ಲಾರಿ, ರೈಲು. ಮೇಲ್ಗಡೆ ಅಡ್ಡಕ್ಕೆ ಮತ್ತೆ ಅವೇ ಹೆಸರು. ನಡುವೆ ಗೆರೆ ಕೊರೆದ ನೂರಾರು ಚೌಕ ಮನೆಗಳು. ಯಾವ ಕಸುಬಿನಿಂದ ಯಾವ ಕಸುಬಿಗೆ ಎಷ್ಟು ಬೆಂಕಿ ಹೋಗುತ್ತದೆ ಎಂಬುದು ಒಂದೊಂದು ಮನೆಯಲ್ಲಿ ಬರಬೇಕು.

ನನಗೆ ಮೊದಲು ಏನೂ ತಿಳಿಯಲಿಲ್ಲ. ಲಾರಿ ಡೀಸೆಲ್ ಕುಡಿಯುತ್ತದೆ, ಅದು ಸರಿ. ಬಟ್ಟೆಗೂ ಕಲ್ಲಿದ್ದಲಿಗೂ ಏನು ಸಂಬಂಧ? ಸರ್ ಕೈಯಲ್ಲಿದ್ದ ಚಹಾದ ಗ್ಲಾಸನ್ನು ಎತ್ತಿ ಹಿಡಿದು, ಇದರಲ್ಲಿ ಎಷ್ಟು ಕಲ್ಲಿದ್ದಲಿದೆ ಹೇಳು ಎಂದು ಕೇಳಿದರು. ಸ್ಟೋವಿನ ಸೀಮೆಎಣ್ಣೆ ಅಷ್ಟೇ ಎಂದೆ. ಅವರು ಹಿಂದಕ್ಕೆ ಹಿಂದಕ್ಕೆ ಹೋದರು. ಚಹಾದಲ್ಲಿ ಸಕ್ಕರೆ. ಸಕ್ಕರೆಯಲ್ಲಿ ಕಬ್ಬು. ಕಬ್ಬಿಗೆ ನೀರು ಎತ್ತಿದ ಪಂಪು. ಪಂಪಿನ ಮೈ ಎರಕ ಹೊಯ್ದ ಫೌಂಡ್ರಿ. ಫೌಂಡ್ರಿಯಲ್ಲಿ ಸುಟ್ಟ ಕೋಕ್. ಆ ಕೋಕನ್ನು ಎಲ್ಲಿಂದಲೋ ಹೊತ್ತು ತಂದ ರೈಲು, ಆ ರೈಲಿನ ಹಳಿ. ಸುಟ್ಟ ಬೆಂಕಿ ಆರಿಹೋಗಿರುತ್ತದೆ, ಆದರೆ ಲೆಕ್ಕದಲ್ಲಿ ಸಾಯುವುದಿಲ್ಲ, ವಸ್ತುವಿನ ಒಳಗೆ ಕೂತು ಮುಂದಿನ ಕೈಗೆ ಹೋಗುತ್ತದೆ ಎಂದರು.

ಅಲ್ಲಿಗೆ ನನಗೆ ತಿಳಿಯಿತು. ಯಾಕೆಂದರೆ ನಮ್ಮ ಅಜ್ಜಿಯ ಮಾತಿನ ರೀತಿಯೇ ಅದು. ನಾನು ಓದಿದ್ದು ಮರಾಠಿ ಶಾಲೆಯಲ್ಲಿ. ನನಗಿದ್ದ ಕನ್ನಡವೆಲ್ಲ ಅಜ್ಜಿ ಜೋಳ ಹಸನು ಮಾಡುತ್ತ ಕೂತಾಗ, ಮಾಮಾ ರವಿವಾರ ಊಟಕ್ಕೆ ಬಂದು ಕಟ್ಟೆಯ ಮೇಲೆ ಕಾಲು ಚಾಚಿದಾಗ ಕಿವಿಗೆ ಬಿದ್ದದ್ದು. ಅಜ್ಜಿ ತಟ್ಟೆಯಲ್ಲಿ ರೊಟ್ಟಿ ಬಿಟ್ಟೆದ್ದವರನ್ನು ಸುಮ್ಮನೆ ಬಯ್ಯುತ್ತಿರಲಿಲ್ಲ. ಈ ರೊಟ್ಟಿಗೆ ಬಿತ್ತಿದವ ಇದ್ದಾನ, ಕೊಯ್ದಾಕಿ ಇದ್ದಾಳ, ಎತ್ತು ಅದ, ಬೀಸಿದ ಗಿರಣಿ ಅದ, ಅಷ್ಟೂ ಮಂದೀನ ತಟ್ಟ್ಯಾಗ ಬಿಟ್ಟು ಎದ್ದೀಯೇನು ಎಂದು ಸಾಲಾಗಿ ಎಣಿಸುತ್ತಿದ್ದಳು. ಸರ್ ಮಾಡುತ್ತಿದ್ದದ್ದೂ ಅದೇ, ಕೋಷ್ಟಕ ಮಾತ್ರ ಹೆಚ್ಚಿಗೆ.

ಆ ಹೊತ್ತಿನಲ್ಲೇ ಅವರು ಇನ್ನೊಂದು ಮಾತು ಹೇಳಿದರು. ಒಂದು ಮನೆಯಲ್ಲಿ ಸುಳ್ಳು ಬರೆದರೆ ಅದು ಆ ಮನೆಯಲ್ಲೇ ಇರುವುದಿಲ್ಲ. ಬೆಂಕಿ ಹೋದ ದಾರಿಯಲ್ಲೇ ಅದೂ ಹೋಗುತ್ತದೆ. ಫೌಂಡ್ರಿಯಲ್ಲಿ ತಪ್ಪಿದರೆ ಪಂಪಿನಲ್ಲಿ ತಪ್ಪುತ್ತದೆ, ಪಂಪಿನಲ್ಲಿ ತಪ್ಪಿದರೆ ಕಬ್ಬಿನಲ್ಲಿ. ಎಚ್ಚರ ಇರಲಿ ಎಂದರು. ನಾನು ಹೂಂ ಎಂದೆ.

ಸರ್ ಪಟ್ಟಿಯಲ್ಲಿದ್ದ ಸಣ್ಣ ಫೌಂಡ್ರಿಗಳಲ್ಲಿ ಮಾಮಾನದೂ ಒಂದು. ಮಾಮಾ ಇರುವ ಕಡೆಗೇ ಹೋಗುವೆನೆಂಬ ಸಂತೋಷದಲ್ಲಿ ನಾನೇ ಕೇಳಿ ಹಾಕಿಸಿಕೊಂಡೆ.

ಮಾಮಾ ವಿಜಾಪುರದ ಕಡೆಯಿಂದ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ಗಾರೆ ಕೆಲಸದಲ್ಲಿ ಶುರುಮಾಡಿ, ಭಟ್ಟಿಯ ಒಳಗೋಡೆಗೆ ಮಣ್ಣು ಮೆತ್ತುವವನಾಗಿ, ಕಡೆಗೆ ಮೇಸ್ತ್ರಿಯಾದವನು. ಇಳಿಯುವ ಕಬ್ಬಿಣದ ಬಣ್ಣ ನೋಡಿ ಶಾಖ ಹೇಳುತ್ತಿದ್ದ. ಶೇಠ ಒಮ್ಮೆ ಶಾಖ ಅಳೆಯುವ ಯಂತ್ರ ತರಿಸಿ ತೋರಿಸಿದಾಗ ಮಾಮಾನ ಮಾತೇ ನಿಜವಾಯಿತಂತೆ. ಆ ಕಥೆಯನ್ನು ಮಾಮಾನ ಹೆಂಡತಿ, ನಮ್ಮತ್ತಿ, ಬಂದವರಿಗೆಲ್ಲ ಹೇಳುತ್ತಿದ್ದಳು, ಪ್ರತಿಸಲವೂ ಯಂತ್ರದ ಸೈಜು ದೊಡ್ಡದಾಗುತ್ತಿತ್ತು. ಅವನ ಕೈಕೆಳಗೆ ಎಂಟು ಮಂದಿ, ಎಲ್ಲ ನಮ್ಮ ಕಡೆಯವರೇ. ಅಕ್ಕ ಅವರಲ್ಲಿ ಒಬ್ಬಳು. ಬೆಳಗ್ಗೆ ಭಟ್ಟಿ ಹೊತ್ತಿಸುವ ಮುಂಚೆ ಮೊದಲ ಬುಟ್ಟಿ ದ್ಯಾಮವ್ವನಿಗೆ ಎಂಬ ಪದ್ಧತಿ ಅವರೇ ತಂದದ್ದು. ಶೇಠರಿಗೆ ಅದು ಗೊತ್ತಿತ್ತು. ಹೊತ್ತಿಸಿದ ದಿನಕ್ಕೊಂದು ಬುಟ್ಟಿ, ಅಂಗಳದ ರಾಶಿಯಲ್ಲಿ ಚೂರು, ಪುಡಿ ಎಂದು ಹೋಗುವುದರಲ್ಲಿ ಅದೂ ಹೋಗುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ.

ಎರಡನೆಯ ವಾರ ಮಾಮಾ ನನ್ನನ್ನು ಸ್ಟೇಷನ್ನಿನವರೆಗೆ ಬಿಡಲು ಬಂದ. ಲೋಕಲ್ ತಡವಾಗಿತ್ತು. ಬೆಂಚಿನ ಮೇಲೆ ಕೂತು ಶೇಂಗಾ ಸುಲಿಯುತ್ತ, ಶೇಠರು ಕರೆಂಟಿನ ಭಟ್ಟಿ ತರಬೇಕೆಂದು ವರ್ಷದಿಂದ ಮಾತಾಡುತ್ತಿರುವುದನ್ನು ಹೇಳಿದ. ಅದಕ್ಕೆ ಕೋಕ್ ಬೇಡ, ಹೊರುವವರು ಬೇಡ. ಐಟಿಐ ಕಲಿತ ಇಬ್ಬರು ಗುಂಡಿ ಒತ್ತುತ್ತ ನಿಂತರೆ ಆಯಿತು. ಈ ಸರ್ವೆ ಮುಗಿದ ಮೇಲೆ ಪ್ರತಿ ಫೌಂಡ್ರಿಗೂ ಒಂದು ಹಾಳೆ ಕೊಡುತ್ತೇವೆಂದು ಸರ್ ಮಾತು ಕೊಟ್ಟಿದ್ದರಲ್ಲ, ನಿಮ್ಮ ಭಟ್ಟಿ ಒಂದು ಟನ್ ಕಬ್ಬಿಣಕ್ಕೆ ಎಷ್ಟು ಬೆಂಕಿ ತಿನ್ನುತ್ತದೆ, ಬೇರೆಯವರದು ಎಷ್ಟು ಎಂದು. ಶೇಠ ಆ ಹಾಳೆಗೇ ಕಾದಿದ್ದರು. ಅದು ಕೆಟ್ಟದಾಗಿ ಬಂದರೆ ಭಟ್ಟಿ ಒಡೆಸುವುದು ಖರೆ.

"ನನ್ನ ಮಾತು ಬಿಡು, ನಾ ಹೆಂಗರ ಬದುಕ್ತೀನಿ," ಅಂದ. "ಆ ಎಂಟು ಮಂದಿ ನನ್ನ ಮಾತ್ ಕೇಳಿ ಊರ್ ಬಿಟ್ಟು ಬಂದವ್ರು. ನೀ ಏನ್ ಸುಳ್ಳು ಬರೀಬ್ಯಾಡ ಅವ್ವಿ. ತಕ್ಕಡಿ ಏನ್ ಹೇಳ್ತದ ಅದನ್ನ ಬರಿ. ದ್ಯಾಮವ್ವಂದು ತಕ್ಕಡಿಗೆ ಬರಂಗಿಲ್ಲ, ಅಷ್ಟ."

ಅವನು ನನಗೆ ಅದುವರೆಗೆ ಏನನ್ನೂ ಕೇಳಿದವನಲ್ಲ. ನನ್ನ ಪರೀಕ್ಷೆಯ ಫೀಯಿಂದ ಹಿಡಿದು ಕಾಲಿನ ಚಪ್ಪಲಿಯವರೆಗೆ ಕೊಡಿಸಿದವನು. ಆಯ್ತು ಮಾಮಾ ಎಂದೆ. ಅವನು ಸುಲಿದ ಶೇಂಗಾ ನನ್ನ ಅಂಗೈಗೆ ಸುರಿದ.

ಆಗ ಅದು ಒಂದೇ ಬುಟ್ಟಿಯಾಗಿತ್ತು.

ಮೂರನೆಯ ವಾರ ಎರಡಾಯಿತು. ಅಕ್ಕ ಮೊದಲನೆಯದನ್ನು ಇಳಿಸಿ ಬಂದು ಇನ್ನೊಂದಕ್ಕೆ ಕುಂಕುಮ ಹಚ್ಚುವುದನ್ನು ನಾನು ನೋಡಿದೆ. ಏನೋ ಹಬ್ಬವಿರಬೇಕು ಎಂದುಕೊಂಡೆ. ನಾಲ್ಕನೆಯ ವಾರದ ಕೊನೆಗೆ ಮೂರು. ಕುಂಕುಮ ಹಚ್ಚುವುದೂ ಅವಸರದ್ದಾಗಿತ್ತು, ಒಂದು ಬೆರಳು ತಾಗಿಸಿದರೆ ಆಯಿತು. ಮಾಮಾನನ್ನು ಕೇಳಿದರೆ, "ಈ ವರ್ಷ ಅವ್ವಗ ಹಸಿವಿ ಭಾಳ ಅದವಾ" ಎಂದು ನಕ್ಕ. ಅವನ ಜೊತೆಯವರೂ ನಕ್ಕರು. ಅಕ್ಕ ನಗಲಿಲ್ಲ.

ಮನೆಗೆ ಬಂದು ನಾನು ಎರಡು ಲೆಕ್ಕ ಮಾಡಿದೆ. ಬುಟ್ಟಿ ಸೇರಿಸದೆ ಒಂದು, ಸೇರಿಸಿ ಒಂದು. ಸೇರಿಸದ ಲೆಕ್ಕ ವಾರದಿಂದ ವಾರಕ್ಕೆ ಒಂದೇ ಸಮ, ತೊಳೆದಿಟ್ಟ ಹಾಗೆ. ಸೇರಿಸಿದ ಲೆಕ್ಕ ಮೆಟ್ಟಿಲು ಹತ್ತುತ್ತಿತ್ತು. ಅದೇ ಕಬ್ಬಿಣ, ಅದೇ ಗಾಳಿ, ಅದೇ ಮಂದಿ. ಬೆಂಕಿ ಮಾತ್ರ ಹೆಚ್ಚು ಹೆಚ್ಚು ಬೇಕಾಗುತ್ತಿತ್ತು. ಆ ಎರಡನೆಯ ಕಾಗದವನ್ನು ಗಾದಿಯ ಕೆಳಗೆ ಇಟ್ಟೆ.

ಮರುದಿನ ಸರ್ ಹತ್ತಿರ, ಬೇರೆ ಯಾವುದೋ ಫೌಂಡ್ರಿಯ ವಿಷಯ ಎಂಬಂತೆ ಕೇಳಿದೆ: ಒಂದು ಭಟ್ಟಿ ಸುಮ್ಮಸುಮ್ಮನೆ ಹೆಚ್ಚು ತಿನ್ನತೊಡಗಿದರೆ ಆ ಬೆಂಕಿ ಎಲ್ಲಿಗೆ ಹೋಗುತ್ತಿರಬಹುದು? ಸರ್ ತಲೆ ಎತ್ತದೆ ಹೇಳಿದರು:

"ಬೆಂಕಿ ಕಳೆದುಹೋಗುವ ವಸ್ತುವಲ್ಲ. ಕಬ್ಬಿಣದಲ್ಲಿ ಸಿಗದಿದ್ದರೆ ಗೋಡೆಯಲ್ಲಿ ಹುಡುಕು."

ಆ ಶನಿವಾರ ಭಟ್ಟಿ ಆರಿತ್ತು. ಆರಿದ ದಿನ ಮಾಮಾ ಬುಡದ ಬಾಗಿಲಿನಿಂದ ಒಳಗೆ ತೂರಿ, ಸುಟ್ಟು ಸವೆದ ಕಡೆ ಮಣ್ಣು ಮೆತ್ತುತ್ತಿದ್ದ. ನಾನು ಹೊರಗೆ ಕೂತು ಗೋಡೆ ಹೇಗಿದೆ ಎಂದೆ. ಮಣ್ಣಿನ ಕೈಯಲ್ಲೇ ಹೊರಗೆ ಬಂದ. ಮುಖವೆಲ್ಲ ಕಪ್ಪು, ಕಣ್ಣಷ್ಟೇ ಬಿಳಿ. ನನ್ನ ಕೈಗೆ ಒಂದು ಬ್ಯಾಟರಿ ಕೊಟ್ಟು ಬಗ್ಗಿ ನೋಡು ಅಂದ. ನೋಡಿದೆ. ಕೆಳಗೂ ಮೇಲೂ ಇಟ್ಟಿಗೆ ದಪ್ಪಗಿತ್ತು. ನಡುವೆ, ಗಾಳಿ ಬಂದು ಬೆಂಕಿ ಜೋರಾಗಿ ಉರಿಯುವ ಕಡೆ, ಇಟ್ಟಿಗೆ ಸವೆದು ಗೋಡೆ ಬಸುರಿಯ ಹೊಟ್ಟೆಯಂತೆ ಹೊರಕ್ಕೆ ಹೋಗಿತ್ತು. ಒಳಗಿನ ಜಾಗ ಅಗಲವಾದಷ್ಟೂ ಹಾಕಿದ ಕೋಕ್ ಹರಡಿ ಕೂರುತ್ತದೆ, ಎತ್ತರ ಬರುವುದಿಲ್ಲ. ಎತ್ತರ ಬರದಿದ್ದರೆ ಕಬ್ಬಿಣ ತಣ್ಣಗೆ ಇಳಿದು ಅಚ್ಚಿನಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಇನ್ನೊಂದು ಬುಟ್ಟಿ. ಇನ್ನೊಂದು ಬುಟ್ಟಿ ಹಾಕಿದರೆ ಗೋಡೆ ಇನ್ನಷ್ಟು ಸವೆಯುತ್ತದೆ. ಆಗ ಮತ್ತೊಂದು.

ಮಣ್ಣು ಮೆತ್ತಿದರೆ ಸಾಲದು, ಇಟ್ಟಿಗೆ ಕಿತ್ತು ಹೊಸದಾಗಿ ಕಟ್ಟಬೇಕು, ಹದಿನೈದು ದಿನ ಭಟ್ಟಿ ನಿಲ್ಲಬೇಕು. ನಿಲ್ಲಿಸಿ ಎಂದು ಕೇಳಿದ ದಿನವೇ ಶೇಠ, ಹೇಗೂ ನಿಂತಿದೆಯಲ್ಲ, ಒಡೆದೇಬಿಡಿ ಎನ್ನುತ್ತಾರೆ. ಇದೆಲ್ಲ ಮಾಮಾ ಹೇಳಿದ್ದು. ಹಾಳೆ ಚಲೋ ಬಂದರೆ, ಶೇಠರ ಮನಸ್ಸು ಗಟ್ಟಿಯಾದರೆ, ಆಮೇಲೆ ತಾನೇ ಹೋಗಿ ಗೋಡೆಯ ವಿಷಯ ಕೇಳುತ್ತೇನೆ ಅಂದ. ಒಂದು ತಿಂಗಳ ಮಾತು.

"ಅಲ್ಲೀತನ ತಡೀತದೇನು?" ಎಂದೆ.

"ನಾ ದಿನಾ ಮುಂಜಾನೆ ಮೈ ಮುಟ್ಟಿ ನೋಡ್ತೀನಿ," ಅಂದ. "ನಿನ್ನ ಕಾಗದಕ್ಕಿಂತ ಮೊದಲ ನನ್ನ ಕೈಗೆ ಗೊತ್ತಾಗ್ತದ."

ಆರು ವಾರ ಮುಗಿಯಿತು. ನಾನು ಮೊದಲನೆಯ ಲೆಕ್ಕವನ್ನೇ ಕೊಟ್ಟೆ. ಸರ್ ಎರಡು ಸಲ ನೋಡಿ, ಇಷ್ಟು ಹಳೆಯ ಭಟ್ಟಿಗೆ ಭಾಳ ಚೆನ್ನಾಗಿದೆಯಲ್ಲ ಎಂದು ಹುಬ್ಬೇರಿಸಿದರು. ಮೇಸ್ತ್ರಿ ಒಳ್ಳೆಯವನಿರಬೇಕು ಎಂದು ಅವರೇ ಉತ್ತರವನ್ನೂ ಹೇಳಿಕೊಂಡರು. ಅವನು ನನ್ನ ಮಾವ ಎಂಬುದು ಅವರಿಗೆ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ಅಳೆದ ಸಣ್ಣ ಫೌಂಡ್ರಿಗಳಲ್ಲೆಲ್ಲ ಅದೇ ಎಲ್ಲಕ್ಕಿಂತ ಕಡಿಮೆ ತಿನ್ನುವ ಭಟ್ಟಿ ಎಂದು ಹಾಳೆ ಹೊರಟಿತು.

ಶೇಠ ಅದಕ್ಕೆ ಕಟ್ಟು ಹಾಕಿಸಿ ಆಫೀಸಿನಲ್ಲಿ ಗಣಪತಿಯ ಪಕ್ಕ ತೂಗುಹಾಕಿದರು. ಕರೆಂಟಿನ ಭಟ್ಟಿಯ ಮಾತು ಮುಂದಕ್ಕೆ ಹೋಯಿತು. ಮಾಮಾ ಪೇಡೆ ತಂದ. ಅತ್ತಿ ಹೋಳಿಗೆ ಮಾಡಿದಳು. ಊಟಕ್ಕೆ ಕೂತಾಗ, ಗೋಡೆಯ ವಿಷಯ ಯಾವಾಗ ಕೇಳುತ್ತೀ ಎಂದು ನಾನು ಮೆಲ್ಲಗೆ ಅಂದೆ. ಸೋಮವಾರ ಎಂದ.

ಸೋಮವಾರ ಕೇಳಿದ. ಶೇಠ ನಕ್ಕರಂತೆ. ಗೋಡೆಯ ಮೇಲಿನ ಹಾಳೆ ತೋರಿಸಿ, ಇಡೀ ಪಿಂಪ್ರಿ-ಚಿಂಚವಾಡದಲ್ಲಿ ನಿನ್ನ ಭಟ್ಟಿಯಷ್ಟು ಗಟ್ಟಿಮುಟ್ಟಾದದ್ದು ಇನ್ನೊಂದಿಲ್ಲ ಎಂದು ಪ್ರೊಫೆಸರರೇ ಬರೆದು ಕೊಟ್ಟಿದ್ದಾರೆ, ಅದಕ್ಕೇನು ರಿಪೇರಿ ಎಂದರಂತೆ. ಅಷ್ಟೇ ಅಲ್ಲ. ಹಾಳೆಯ ಬಲದ ಮೇಲೆ ಹೊಸ ಪಂಪು ಕಂಪನಿಯ ಆರ್ಡರು ಹಿಡಿದಿದ್ದರು. ವಾರಕ್ಕೆ ಮೂರು ದಿನ ಹೊತ್ತುತ್ತಿದ್ದ ಭಟ್ಟಿ ಇನ್ನು ಐದು ದಿನ ಹೊತ್ತಬೇಕು.

ಮಾಮಾ ಇದನ್ನು ನನಗೆ ಹೇಳುವಾಗಲೂ ನಗುತ್ತಲೇ ಹೇಳಿದ. ನಿನ್ನ ಹಾಳಿ ಭಾಳ ಚಲೋ ಬಂತು ನೋಡವಾ ಎಂದ. ಅವನಿಗೆ ಖರೆ ಮಾತು ಹೇಳುವ ದಾರಿಯನ್ನು ನಾನೇ ಮುಚ್ಚಿದ್ದೆ. ಬುಟ್ಟಿಗಳ ವಿಷಯ ಹೇಳದೆ ಗೋಡೆಯ ವಿಷಯ ಹೇಳುವ ಹಾಗಿರಲಿಲ್ಲ. ಬುಟ್ಟಿಗಳ ವಿಷಯ ಹೇಳಿದರೆ ನಾನು ಸಿಗುತ್ತಿದ್ದೆ. ನನ್ನನ್ನು ಕಾಯಲು ಅವನು ಬಾಯಿ ಬಿಗಿದನೆಂದು ನನಗೆ ಆಮೇಲೆ ತಿಳಿಯಿತು. ಆಗ ಭಟ್ಟಿಯನ್ನು ಉಳಿಸಲು ಎಂದುಕೊಂಡಿದ್ದೆ.

ನನ್ನ ಕೆಲಸ ಅಲ್ಲಿ ಮುಗಿದಿತ್ತು, ಆದರೂ ಏನೋ ನೆವ ಮಾಡಿ ಹೋಗುತ್ತಿದ್ದೆ. ಭಟ್ಟಿಯ ಮೈಗೆ ಹಚ್ಚಿದ್ದ ಬಣ್ಣ ಒಂದು ಕಡೆ, ಎದೆಯ ಎತ್ತರದಲ್ಲಿ, ಹಪ್ಪಳದಂತೆ ಎದ್ದಿತ್ತು. ಮುಂದಿನ ವಾರ ಅದು ಉದುರಿ ಬರಿಯ ಉಕ್ಕು ಕಂಡಿತು. ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸಿದ್ದರು. ಚೀಲ ಒಣಗಿದ ಹಾಗೆ ಒಬ್ಬ ನೀರು ಎರಚುತ್ತಿದ್ದ. ಮೊದಲು ತಾಸಿಗೊಮ್ಮೆ, ಆಮೇಲೆ ಹತ್ತು ನಿಮಿಷಕ್ಕೊಮ್ಮೆ. ನೀರು ಕೆಳಗಿಳಿದು ನೆಲದ ಮರಳು ಸದಾ ಹಸಿಯಾಗಿರುತ್ತಿತ್ತು. ಶೆಡ್ಡಿನ ತೊಲೆಯ ಮೇಲೆ ಗೂಡು ಕಟ್ಟಿದ್ದ ಪಾರಿವಾಳಗಳು ಆಚೆಯ ಶೆಡ್ಡಿಗೆ ಹೋಗಿದ್ದವು. ಬಿಸಿ ತಾಳಲಾರದೆ ಹೋಗಿರಬೇಕು. ಶೇಠರು ಆಫೀಸಿನಿಂದ ಭಟ್ಟಿಯ ಈ ಮಗ್ಗುಲಿಗೆ ಬರುವುದು ಅಪರೂಪ, ಅವರು ಬಂದ ದಿನ ಮಾಮಾನ ಮಂದಿ ಗೋಣಿಚೀಲ ತೆಗೆದಿಡುತ್ತಿದ್ದರು.

ತಕ್ಕಡಿ ಸರ್ ಒಯ್ದಾಗಿತ್ತು. ಬುಟ್ಟಿಗಳನ್ನು ಸುತ್ತು ಹಾಕಿ ಒಯ್ಯುವ ಅಗತ್ಯ ಇರಲಿಲ್ಲ. ಆದರೂ ಅಕ್ಕ ಅಭ್ಯಾಸದಿಂದ ಅದಿದ್ದ ಜಾಗವನ್ನು ಸುತ್ತಿಯೇ ಹೋಗುತ್ತಿದ್ದಳು. ಒಂದು ದಿನ ನೀರು ಕುಡಿಯುವ ನೆವದಲ್ಲಿ ನನ್ನ ಹತ್ತಿರ ಬಂದು ಕೂತಳು.

"ತಂಗಿ, ಇವತ್ತ ಆರು ಬುಟ್ಟಿ ಆದವು," ಅಂದಳು. "ಇಷ್ಟ್ ಉಣ್ಣೂ ದೇವರನ್ನ ನಾ ಎಲ್ಲೀನೂ ನೋಡಿಲ್ಲ. ನೀ ಓದಿದಾಕಿ, ನೀ ಹೇಳಿದ್ರ ಕೇಳ್ತಾರ."

ನಾನು ಸರ್‌ಗೆ ಹೇಳುತ್ತೇನೆ ಎಂದೆ. ಸರ್ ಕೋಷ್ಟಕದ ಪ್ರತಿ ಹಿಡಿದು ದಿಲ್ಲಿಗೆ ಹೋಗಿದ್ದರು, ಇನ್ನು ಹದಿನೈದು ದಿನಕ್ಕೆ ಬರುವವರಿದ್ದರು. ಶೇಠರ ಆಫೀಸು ನಾವು ಕೂತಲ್ಲಿಂದ ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆ ಬಿಟ್ಟು ನಾನು ದಿಲ್ಲಿಯಿಂದ ಬರುವವರಿಗೆ ಕಾದೆ. ಇದನ್ನು ನಾನು ಎಷ್ಟು ಸಲ ಯಾವ ಬಗೆಯಲ್ಲಿ ನೆನೆಸಿಕೊಂಡರೂ ಬೇರೆ ಥರ ಹೇಳಲು ಆಗುವುದಿಲ್ಲ.

ಒಂದು ವಾರ ಕಳೆಯಿತು. ಶುಕ್ರವಾರ ಬೆಳಗ್ಗೆ ಎದ್ದಾಗ ಏನೋ ತಡೆಯಲಾಗಲಿಲ್ಲ. ಗಾದಿಯ ಕೆಳಗಿನ ಕಾಗದ ತೆಗೆದುಕೊಂಡು ಲೋಕಲ್ ಹತ್ತಿದೆ. ಫೌಂಡ್ರಿಯ ಗೇಟಿನಲ್ಲೇ ಮಾಮಾ ಸಿಕ್ಕ. ನನ್ನ ಕೈಯಲ್ಲಿದ್ದ ಕಾಗದ ನೋಡಿದ. ಏನೆಂದು ಕೇಳಲಿಲ್ಲ. ಅವನ ಮುಖದಲ್ಲಿ ಸಿಟ್ಟು ಬರಬಹುದೆಂದು ನಾನು ಕಾದೆ; ಬರಲಿಲ್ಲ, ಒಂದು ಬಗೆಯ ಹಗುರ ಬಂತು.

"ಭಟ್ಟಿ ಹೊತ್ತೇದ. ನಡೂಕ ಆರಿಸಿದ್ರ ಕಬ್ಬಿಣ ಒಳಗ ಗಡ್ಡಿ ಕಟ್ತದ," ಅಂದ. "ಇವತ್ತಿಂದು ಇಳೀಲಿ. ಆಮ್ಯಾಲ ಇಬ್ರೂ ಕೂಡೇ ಶೇಠನ ಕಡೆ ಹೋಗೂಣು. ಬುಟ್ಟಿ ಮಾತು ನಾ ಹೇಳ್ತೀನಿ. ನೀ ಬಾಯಿ ತಗೀಬ್ಯಾಡ."

ನಾನು ಆಫೀಸಿನ ಹೊರಗಿನ ಬೆಂಚಿನ ಮೇಲೆ ಕೂತೆ. ಮಾಮಾ ಒಳಗಿನಿಂದ ನನಗೆ ಚಹಾ ಕಳಿಸಿದ. ಮಧ್ಯಾಹ್ನ ಎರಡರ ಸುಮಾರು ಕಬ್ಬಿಣ ಇಳಿಯತೊಡಗಿತು. ಮಂದಿ ಜೋಡಿ ಜೋಡಿಯಾಗಿ ಕುದಿಯುವ ಕಬ್ಬಿಣದ ಪಾತ್ರೆ ಹಿಡಿದು ಅಚ್ಚುಗಳ ಕಡೆ ಓಡಾಡುತ್ತಿದ್ದರು. ಇನ್ನು ಮುಕ್ಕಾಲು ತಾಸಿನ ಕೆಲಸ ಇತ್ತು.

ನಾನು ಎದ್ದು ಭಟ್ಟಿಯ ಆ ಮಗ್ಗುಲು ಕಾಣುವ ಕಡೆ ಹೋಗಿ ನಿಂತೆ. ಮೊದಲು ನನಗೆ ಕಂಡದ್ದು ಗೋಣಿಚೀಲ. ನೀರು ಎರಚುವವ ಇನ್ನೂ ಕೊಡ ತುಂಬಲು ಹೋಗಿದ್ದ, ಅಷ್ಟರಲ್ಲಿ ಅದು ಹೊಗೆಯಾಡಿ, ನಡುವಿನಿಂದ ಕಪ್ಪಾಗಿ, ಉದುರಿಬಿತ್ತು. ಅದರ ಹಿಂದೆ ಉಕ್ಕು ಸಂಜೆಯ ಸೂರ್ಯನ ಹಾಗೆ ಕೆಂಪಗಿತ್ತು, ಹಿಟ್ಟು ನಾದುವ ಪರಾತದಷ್ಟು ಅಗಲ. ಮಾಮಾ ಅದನ್ನು ನೋಡಿದ. ಎಲ್ಲಾರೂ ಹೊರಗ ನಡೀರಿ ಎಂದು ಕನ್ನಡದಲ್ಲಿ ಕೂಗಿದ, ಪಾತ್ರೆ ಅಲ್ಲೇ ಮರಳಿಗೆ ಸುರಿದು ಓಡಿ ಎಂದ. ಮಂದಿ ಓಡಿದರು. ಅಕ್ಕ ಮೇಲಿನ ಮೆಟ್ಟಿಲಲ್ಲಿದ್ದಳು. ಬುಟ್ಟಿ ಬಿಸಾಡಿ ಆಚೆ ಮಗ್ಗುಲಿಗೆ ಹಾರಿದಳು, ಕಾಲು ಉಳುಕಿತು, ಅಷ್ಟೇ. ಬ್ಲೋವರ್ ನಿಲ್ಲಿಸದಿದ್ದರೆ ಗಾಳಿಯ ಒತ್ತಡಕ್ಕೆ ಒಳಗಿನದೆಲ್ಲ ಹೊರಗೆ ಚಿಮ್ಮುತ್ತದೆ. ಬ್ಲೋವರಿನ ಸ್ವಿಚ್ಚು ಆ ಕೆಂಪಿನ ಪಕ್ಕದ ಕಂಬದ ಮೇಲಿತ್ತು. ಮಾಮಾ ಅಲ್ಲಿಗೆ ಹೋದ. ಸ್ವಿಚ್ಚು ಎಳೆದ. ಬ್ಲೋವರಿನ ಸದ್ದು ಇಳಿಯುತ್ತ ಬಂದದ್ದು ನನಗೆ ಕೇಳಿಸಿತು. ಆಮೇಲೆ ಉಕ್ಕು ತೆರೆದುಕೊಂಡಿತು. ಕಬ್ಬಿಣ ಹಸಿ ಮರಳಿನ ಮೇಲೆ ಬಿದ್ದು ಸಿಡಿಯಿತು.

ಅಕ್ಕನ ಕಾಲು ಬಿಟ್ಟರೆ, ಮಾಮಾನೊಬ್ಬನ ಹೊರತು ಮತ್ತೆ ಯಾರಿಗೂ ಏನೂ ಆಗಲಿಲ್ಲ.

ಆಸ್ಪತ್ರೆಯ ಪಡಸಾಲೆಯಲ್ಲಿ ಶೇಠ ಕೈ ಹಿಂದೆ ಕಟ್ಟಿಕೊಂಡು ಅಡ್ಡಾಡುತ್ತಿದ್ದರು. ಅತ್ತಿ ಒಳಗಿದ್ದಳು. ನಾನು ಕಾಗದ ಶೇಠರ ಕೈಗೆ ಕೊಟ್ಟು ಎಲ್ಲ ಹೇಳಿದೆ: ಬುಟ್ಟಿ, ಗೋಡೆ, ಸ್ಟೇಷನ್ನಿನ ಬೆಂಚು. ಅವರು ನಿಂತೇ ಓದಿದರು. ನಡುವೆ ಒಮ್ಮೆ ಕನ್ನಡಕ ತೆಗೆದು ಒರೆಸಿಕೊಂಡರು. ಬಯ್ಯುತ್ತಾರೆ ಎಂದು ನಿಂತಿದ್ದೆ.

"ನೀನು ಕೊಟ್ಟ ಹಾಳೆ ನೋಡಿ ನಾನು ಮೂರು ದಿನದ್ದನ್ನು ಐದು ಮಾಡಿದೆ," ಎಂದರು ಮರಾಠಿಯಲ್ಲಿ. ಅಷ್ಟೇ ಹೇಳಿ ಕಾಗದ ಮಡಚಿ ಜೇಬಿನಲ್ಲಿ ಇಟ್ಟುಕೊಂಡರು.

ಮಾಮಾ ಒಂಬತ್ತು ದಿನ ಇದ್ದ. ಮಾತು ಕಡಿಮೆ, ಕಣ್ಣು ಮಾತ್ರ ಎಚ್ಚರ. ಐದನೆಯ ದಿನ ನನ್ನನ್ನು ಹತ್ತಿರ ಕರೆದು ತನ್ನ ಮಂದಿಯ ಬಗ್ಗೆ ಒಬ್ಬೊಬ್ಬರದಾಗಿ ಕೇಳಿದ, ಅವನು ಹೆಂಗಿದ್ದಾನ, ಆಕಿ ಕಾಲು ಹೆಂಗದ. ಎಲ್ಲರೂ ಚಲೋ ಇದ್ದಾರೆ ಎಂದೆ. ಹಂಗಾರ ಕೆಲಸಕ್ಕ ಯಾಕ ಹೋಗಿಲ್ಲ ಎಂದು ಕೇಳಿದ. ಭಟ್ಟಿ ಎಲ್ಲಿದೆ ಹೋಗಲಿಕ್ಕೆ ಎಂದು ನಾನು ಹೇಳಲಿಲ್ಲ. ರಜಾ ಕೊಟ್ಟಾರ ಮಾಮಾ ಎಂದೆ.

ಸರ್ ದಿಲ್ಲಿಯಿಂದ ಬಂದ ದಿನ ನಾನು ಅವರ ಮುಂದೆಯೂ ಎಲ್ಲ ಹೇಳಿದೆ. ಅವರು ಕೆಲಸದಿಂದ ತೆಗೆಯಲಿಲ್ಲ. ಗೋಡೆಯ ಹಾಳೆಯ ಮುಂದೆ ಹೋಗಿ ನಿಂತು, ಪೆನ್ಸಿಲ್ ತೆಗೆದುಕೊಂಡು, ಹೇಳು ಎಂದರು. ನಾನು ಬುಟ್ಟಿಗಳನ್ನು ದಿನದ ಪ್ರಕಾರ ಹೇಳುತ್ತ ಹೋದೆ. ಒಂದು ಫೌಂಡ್ರಿಯದು ತಿದ್ದಿದರೆ ಆ ಸಾಲಿನ ಸರಾಸರಿ ತಿದ್ದಬೇಕು. ಅದು ತಿದ್ದಿದರೆ ಯಂತ್ರದ್ದು, ಯಂತ್ರದ್ದು ತಿದ್ದಿದರೆ ಬೇಸಾಯದ್ದು, ಸಕ್ಕರೆಯದು, ಗಿರಣಿಯದು, ರೈಲಿನದು. ಒಂದೊಂದರಲ್ಲೂ ಕೂದಲೆಳೆಯಷ್ಟೇ ಬದಲು, ಆದರೆ ಬದಲಾಗದೆ ಉಳಿದ ಮನೆ ಒಂದೂ ಇರಲಿಲ್ಲ. ಎರಡನೆಯ ದಿನವೂ ಅದೇ ಕೆಲಸದಲ್ಲಿದ್ದಾಗ ಅತ್ತಿಯ ಫೋನು ಬಂತು. ಸರ್ ಎತ್ತಿಕೊಂಡರು. ಕೇಳಿಸಿಕೊಂಡು, ಇಟ್ಟು, ನನ್ನ ಕೈಯಿಂದ ರಬ್ಬರು ತೆಗೆದುಕೊಂಡು, ನೀನು ಹೋಗು, ಉಳಿದದ್ದು ನಾನು ಮಾಡುತ್ತೇನೆ ಎಂದರು.

ಹದಿಮೂರನೆಯ ದಿನದ ಊಟಕ್ಕೆ ಎಂಟೂ ಮಂದಿ ಬಂದಿದ್ದರು. ಶೇಠರೂ ಬಂದು ಹೊರಗೆ ಚಾಪೆಯ ಮೇಲೆ ಕೂತು ಉಂಡರು. ದೀಪಾವಳಿಯ ಹೊತ್ತಿಗೆ ಹಳೆಯ ಭಟ್ಟಿಯನ್ನು ಗ್ಯಾಸಿನಿಂದ ಕತ್ತರಿಸಿ ಗುಜರಿಗೆ ಹಾಕಿದರು, ಕರೆಂಟಿನ ಭಟ್ಟಿ ಬಂತು. ಎಂಟರಲ್ಲಿ ಇಬ್ಬರನ್ನು ಇಟ್ಟುಕೊಂಡರು. ಉಳಿದ ಆರು ಮಂದಿ ಒಂದು ಬೆಳಗ್ಗೆ ಹಾಸಿಗೆ ಪಾತ್ರೆಗಳ ಸಮೇತ ಒಂದೇ ಟೆಂಪೋದಲ್ಲಿ ಸಾಸವಡದ ಕಡೆಯ ಇಟ್ಟಿಗೆ ಭಟ್ಟಿಗೆ ಹೋದರು. ಅಕ್ಕ ಮುಂದೆ ಡ್ರೈವರನ ಪಕ್ಕ ಕೂತಳು, ಆಕೆಯ ಕಾಲು ಇನ್ನೂ ಸರಿಯಾಗಿರಲಿಲ್ಲ.